ತನಿಗೆ ಎದ್ದು ಹೋಗಬೇಡಿ

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಒಂದು ಗಳಿಗೆ ಬರುತ್ತದೆ. ಗಾಯಕರು ಆ ಸಂಜೆಯ ಮುಖ್ಯ ಕೃತಿಯನ್ನು ಹಾಡಿ, ಅದರ ಒಂದು ಸಾಲನ್ನು ಹಿಡಿದು ನೆರವಲ್ ಮಾಡಿ, ಸ್ವರ ಹಾಕಿ, ಏರಿಸಿ, ಕೊನೆಗೆ ಅದೇ ಸಾಲಿಗೆ ಬಂದು ನಿಲ್ಲುತ್ತಾರೆ. ಚಪ್ಪಾಳೆ ಬೀಳುತ್ತದೆ. ಅವರು ಮೃದಂಗದವರ ಕಡೆ ತಿರುಗಿ ತಲೆಯಾಡಿಸುತ್ತಾರೆ. ಪಿಟೀಲಿನವರು ಕಮಾನು ಕೆಳಗಿಡುತ್ತಾರೆ. ಇನ್ನು ಹತ್ತು ಹದಿನೈದು ನಿಮಿಷ ವೇದಿಕೆ ಪೂರ್ತಿ ತಾಳವಾದ್ಯದವರದ್ದು. ಇದೇ ತನಿ ಆವರ್ತನ. ಸರಿಯಾಗಿ ಅದೇ ಹೊತ್ತಿಗೆ ಸಭೆಯಲ್ಲಿ ಕುರ್ಚಿಗಳು ಸದ್ದು ಮಾಡುತ್ತವೆ. ಕಾಫಿಗೆಂದು, ಫೋನಿಗೆಂದು, ಗಾಡಿ ತೆಗೆಯಲೆಂದು ಜನ ಎದ್ದು ಹೊರಡುತ್ತಾರೆ.

ನಾನು ಮೈದಾನದ ಕಡೆಯಿಂದ ಬಂದವನು. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಲೀಗ್ ಕ್ರಿಕೆಟ್ ಆಡಿದವನು, ಈಗಲೂ ಬೆಳಗಿನ ಪತ್ರಿಕೆಯಲ್ಲಿ ಮೊದಲು ಕ್ರೀಡಾ ಪುಟ ತೆರೆಯುವವನು. ಮಗಳು ಮೃದಂಗ ಕಲಿಯಲು ಸೇರಿದ ಮೇಲೆ ಕಚೇರಿಗಳಿಗೆ ಹೋಗುವ ರೂಢಿಯಾಯಿತು. ಹೋಗಿ ಹೋಗಿ ಒಂದು ವಿಷಯ ನನಗೆ ಖಚಿತವಾಗಿದೆ: ಆಟ ನೋಡಿ ಬೆಳೆದವರಿಗೆ ಸಂಗೀತದೊಳಗೆ ಬರಲು ತನಿಯಷ್ಟು ಅಗಲವಾದ ಬಾಗಿಲು ಬೇರೊಂದಿಲ್ಲ. ರಾಗ ಗುರುತಿಸಲು ಬಾರದಿರಬಹುದು. ಸಾಹಿತ್ಯ ತೆಲುಗೋ ಸಂಸ್ಕೃತವೋ ಆಗಿದ್ದು ಅರ್ಥವಾಗದಿರಬಹುದು. ತನಿಗೆ ಅವೆರಡೂ ಬೇಡ. ಎಂಟರವರೆಗೆ ಎಣಿಸಲು ಬಂದರೆ ಸಾಕು.

ಎಂಟು ಎಂದರೆ ಆದಿ ತಾಳ. ಅಂಗೈಯಿಂದ ತೊಡೆಯ ಮೇಲೆ ಒಂದು ತಟ್ಟು ಹಾಕಿ, ಕಿರುಬೆರಳಿನಿಂದ ಶುರುಮಾಡಿ ಮೂರು ಬೆರಳು ಎಣಿಸಿದರೆ ನಾಲ್ಕಾಯಿತು. ಆಮೇಲೆ ಒಂದು ತಟ್ಟು, ಕೈ ಮಗುಚಿ ಒಂದು ಹುಸಿ. ಮತ್ತೊಂದು ತಟ್ಟು, ಮತ್ತೊಂದು ಹುಸಿ. ಅಲ್ಲಿಗೆ ಎಂಟು, ಒಂದು ಆವರ್ತನ. ಒಂದೊಂದು ಎಣಿಕೆಯಲ್ಲೂ ನಾಲ್ಕು ಮಾತ್ರೆ ಎಂದುಕೊಂಡರೆ ಆವರ್ತನಕ್ಕೆ 32 ಮಾತ್ರೆ. ಗಾಯಕರು ತೊಡೆ ತಟ್ಟುತ್ತಾ ಈ ಲೆಕ್ಕವನ್ನು ಎಲ್ಲರ ಕಣ್ಣೆದುರಿಗೇ ಇಟ್ಟಿರುತ್ತಾರೆ. ಸಭೆಯಲ್ಲಿ ಕೂತ ನಾವೂ ಹಾಗೆಯೇ ತಟ್ಟಿಕೊಂಡು ಕೂರಬಹುದು. ಕೇಳುಗರಿಗೆ ಇಷ್ಟು ಧಾರಾಳವಾಗಿ ಕೈಯಾಡಿಸಲು ಬಿಡುವ ಸಂಗೀತ ಪದ್ಧತಿ ಇದು.

ಮೃದಂಗದವರ ಕೆಲಸ ಆ ಎಂಟನ್ನು ಎಂಟಾಗಿಯೇ ನುಡಿಸುವುದಷ್ಟೇ ಅಲ್ಲ. ಅದರೊಳಗೆ ಐದನ್ನು, ಏಳನ್ನು, ಒಂಬತ್ತನ್ನು ತುಂಬುವುದು. ಕೇಳುವವನಿಗೆ ತಾಳವೇ ತಪ್ಪಿತೇನೋ ಅನ್ನಿಸುವಷ್ಟು ದೂರ ಹೋಗಿ, ಸೇರಬೇಕಾದ ಜಾಗಕ್ಕೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬಂದು ಸೇರುವುದು. ಇದು ಹೇಗೆಂದು ನನಗೆ ಮನೆಯಲ್ಲಿ ತೋರಿಸಿಕೊಟ್ಟವಳು ಮಗಳು. “ಅಪ್ಪ, ನೀನು ಸುಮ್ನೆ ತಾಳ ಹಾಕ್ತಾ ಇರು, ನಿಲ್ಲಿಸ್ಬೇಡ” ಎಂದು ಹೇಳಿ ‘ತದಿಗಿಣತೊಂ’ ಎಂಬ ಸೊಲ್ಲನ್ನು ಹಿಡಿದಳು. ಅದು ಐದು ಮಾತ್ರೆಯದು. ಆವರ್ತನದ ಉತ್ತರಾರ್ಧದಲ್ಲಿ ನಾಲ್ಕು ಎಣಿಕೆ, ಅಂದರೆ 16 ಮಾತ್ರೆ ಇವೆ. ಅವಳು ಮೊದಲ ಮಾತ್ರೆಯನ್ನು ಖಾಲಿ ಬಿಟ್ಟಳು. ಆಮೇಲೆ ತದಿಗಿಣತೊಂ, ತದಿಗಿಣತೊಂ, ತದಿಗಿಣತೊಂ. ಒಂದಕ್ಕೆ ಮೂರು ಐದಲೆ ಹದಿನೈದು ಸೇರಿ ಹದಿನಾರು. ಅದರ ಮುಂದಿನ ತಟ್ಟು ಹೊಸ ಆವರ್ತನದ ಮೊದಲ ತಟ್ಟು, ಸಮ. ಕಾಗದದ ಮೇಲೆ ಇದು ಮೂರನೇ ಕ್ಲಾಸಿನ ಕೂಡುವ ಲೆಕ್ಕ. ತಾಳ ಹಾಕುತ್ತಿರುವ ಕೈಗೆ ಮಾತ್ರ ಅದು ಹಾಗಿರುವುದಿಲ್ಲ. ಆ ಮೂರು ಸೊಲ್ಲುಗಳಲ್ಲಿ ಒಂದೂ ನಮ್ಮ ಎಣಿಕೆಯ ಮೇಲೆ ಶುರುವಾಗುವುದಿಲ್ಲ. ಎರಡನೆಯ, ಏಳನೆಯ, ಹನ್ನೆರಡನೆಯ ಮಾತ್ರೆಗಳಲ್ಲಿ ಅವು ಏಳುತ್ತವೆ. ನಮ್ಮ ಎಣಿಕೆ ಬೀಳುವುದು ಒಂದು, ಐದು, ಒಂಬತ್ತು, ಹದಿಮೂರರಲ್ಲಿ. ಸೊಲ್ಲು ಕೈಯನ್ನು ತನ್ನ ಕಡೆಗೆ ಎಳೆಯುತ್ತದೆ, ಕೈ ಮಣಿಯಬಾರದು. ಆ ಎಳೆದಾಟದ ಕೊನೆಗೆ ಎರಡೂ ಒಂದೇ ಬಿಂದುವಿನಲ್ಲಿ ಸೇರಿದಾಗ ಮೈಯಲ್ಲಿ ಆಗುವ ಜುಮ್ಮೆನ್ನುವಿಕೆ ಇದೆಯಲ್ಲ, ಬೌಂಡರಿ ಗೆರೆಯಿಂದ ಎಸೆದ ಚೆಂಡು ನೇರವಾಗಿ ಸ್ಟಂಪಿಗೆ ಬಡಿದಾಗ ಆಗುವುದೂ ಅದೇ.

ಎಲ್ಲ ಹಾಡೂ ಸಮಕ್ಕೇ ಶುರುವಾಗುವುದಿಲ್ಲ. ಎಷ್ಟೋ ಕೃತಿಗಳ ಸಾಲು ಸಮದ ನಂತರ ಅರ್ಧವೋ ಮುಕ್ಕಾಲೋ ಎಣಿಕೆ ಬಿಟ್ಟು ಏಳುತ್ತದೆ. ಅದಕ್ಕೆ ಎತ್ತುಗಡೆ ಎನ್ನುತ್ತಾರೆ, ಕಚೇರಿಯವರ ಬಾಯಲ್ಲಿ ಎಡುಪು. ಆಗ ಮೃದಂಗದವರ ಲೆಕ್ಕವೆಲ್ಲ ಆ ಓರೆಯಾದ ಜಾಗಕ್ಕೆ ಬಂದು ಮುಗಿಯಬೇಕು. ತಾಳವೂ ಎಂಟರದ್ದೇ ಆಗಿರಬೇಕಿಲ್ಲ. ಮಿಶ್ರಛಾಪು ಏಳರದ್ದು, ಖಂಡಛಾಪು ಐದರದ್ದು. ಪಲ್ಲವಿಗೆ ಇನ್ನೂ ಉದ್ದದ ತಾಳಗಳನ್ನು ಆರಿಸಿಕೊಳ್ಳುವವರಿದ್ದಾರೆ.

ತನಿ ನಡೆಯುವ ರೀತಿಯನ್ನು ಒಮ್ಮೆ ತಿಳಿದುಕೊಂಡರೆ ಆಮೇಲೆ ಯಾವ ಕಚೇರಿಗೆ ಹೋದರೂ ಅದು ಕಣ್ಣಿಗೆ ಕಾಣುತ್ತದೆ. ಮೊದಲು ಮೃದಂಗ ತನ್ನ ಮಾತನ್ನು ಬಿಡಿಸಿ ಹೇಳುತ್ತದೆ. ಜೊತೆಗೆ ಘಟವೋ ಖಂಜಿರವೋ ಮೋರ್ಚಿಂಗೋ ಇದ್ದರೆ ಅದು ಮುಂದಿನ ಸರದಿ ಹಿಡಿಯುತ್ತದೆ. ಎರಡು ಸುತ್ತು ಹೀಗೆ ನಿಧಾನವಾಗಿ ಸಾಗಿದ ಮೇಲೆ ಸರದಿಗಳು ಕಿರಿದಾಗುತ್ತವೆ: ಎರಡು ಆವರ್ತನ, ಒಂದು ಆವರ್ತನ, ಅರ್ಧ, ಕಾಲು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಡಿದು, ಕೊಂಚ ತಿರುಗಿಸಿ ಮರಳಿಸುತ್ತಾರೆ. ಕೊನೆಗೆ ಇಬ್ಬರೂ ಒಟ್ಟಾಗಿ, ವೇಗವಾಗಿ ನುಡಿಸುತ್ತಾ ದೊಡ್ಡ ಮುಕ್ತಾಯಕ್ಕೆ ಬರುತ್ತಾರೆ. ಅದನ್ನು ಮೂರು ಸಲ ನುಡಿಸುತ್ತಾರೆ. ಮೂರನೆಯದು ಮುಗಿದ ಕ್ಷಣದಲ್ಲೇ ಗಾಯಕರು ಹಾಡಿನ ಸಾಲನ್ನು ಎತ್ತಬೇಕು. ಅಷ್ಟು ಹೊತ್ತೂ ಅವರ ಕೈ ತಾಳ ಬಿಟ್ಟಿರುವುದಿಲ್ಲ ಎಂಬುದನ್ನು ಗಮನಿಸಿ. ಹದಿನೈದು ನಿಮಿಷ, ಸುತ್ತಲೂ ಐದು ಏಳುಗಳ ಬಿರುಮಳೆ, ಕೈ ಮಾತ್ರ ಎಂಟರಲ್ಲೇ. ನನಗೆ ಈಗ ಇದೊಂದನ್ನೇ ನೋಡುತ್ತಾ ಕೂರುವುದೂ ಇಷ್ಟ.

ಮೇಲಿನದ್ದೆಲ್ಲ ಕಣ್ಣಿಗೆ ಬೀಳಬೇಕಾದರೆ ಎದುರಿಗೆ ಕೂತಿರಬೇಕು. ಸಂಗೀತವನ್ನು ಫೋನಿನಲ್ಲಿ ಕೇಳುವುದಕ್ಕೂ ಸಭೆಯಲ್ಲಿ ಕೇಳುವುದಕ್ಕೂ ಏನು ವ್ಯತ್ಯಾಸ ಎಂದು ಆಟದ ಗೆಳೆಯರು ನನ್ನನ್ನು ಕೇಳುವುದುಂಟು. ಅವರಿಗೆ ನಾನು ಹೇಳುವುದು 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲ್ಲಿನ ಮಾತು. ಹದಿನೈದು ವರ್ಷ ಸತತವಾಗಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು ಪ್ರಸನ್ನರ ನಾಯಕತ್ವದ ಕರ್ನಾಟಕ ಅಲ್ಲಿ ತಡೆಯಿತು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಅವರ ಒಂದು ಎಸೆತಕ್ಕೆ ಗಾವಸ್ಕರ್ ಬೌಲ್ಡ್ ಆದರು. ಬೆಂಗಳೂರಿಗೆ ಆಗಿನ್ನೂ ಟೀವಿ ಬಂದಿರಲಿಲ್ಲ. ಸ್ಕೋರ್ ಪಟ್ಟಿಯಲ್ಲಿ ಆ ಎಸೆತ ಇರುವುದು ಒಂದು ಹೆಸರು, ಒಂದು ಅಕ್ಷರವಾಗಿ ಮಾತ್ರ. ಅಂದು ಸ್ಟೇಡಿಯಮ್ಮಿನಲ್ಲಿದ್ದ ಹಿರಿಯರು ಇವತ್ತಿಗೂ ಅದರ ತೇಲುವಿಕೆ, ತಿರುವು, ಅದಕ್ಕೂ ಮುಂಚಿನ ಎಸೆತಗಳಲ್ಲಿ ಹಾಕಿದ ಬಲೆ ಎಲ್ಲವನ್ನೂ ಕೈಯಾಡಿಸಿ ಹೇಳುತ್ತಾರೆ. ಅವರು ನೋಡಿದ್ದು ಫಲಿತಾಂಶವನ್ನಲ್ಲ, ಅದು ಆಗುತ್ತಾ ಹೋದುದನ್ನು.

ಕಚೇರಿ ಆಗುತ್ತಾ ಹೋಗುವ ಸಂಗತಿ. ಇದು ನನ್ನಂಥವರಿಗೆ ಅತ್ಯಂತ ಬೆರಗಿನ ವಿಷಯ: ಬಹುಪಾಲು ಕಚೇರಿಗಳಿಗೆ ರಿಹರ್ಸಲ್ ಎಂಬುದೇ ಇಲ್ಲ. ಗಾಯಕರು ಯಾವ ಯಾವ ಕೃತಿ ಹಾಡುತ್ತಾರೆಂದು ಪಕ್ಕವಾದ್ಯದವರಿಗೆ ಮೊದಲೇ ಗೊತ್ತಿರಬೇಕೆಂದಿಲ್ಲ. ಪಿಟೀಲಿನವರೂ ಮೃದಂಗದವರೂ ವೇದಿಕೆಯ ಹಿಂದೆ ಅರ್ಧ ಗಂಟೆ ಮೊದಲು ಭೇಟಿಯಾಗಿ, ಶ್ರುತಿ ಸೇರಿಸಿಕೊಂಡು ಬಂದು ಕೂರುವುದುಂಟು. ಗಾಯಕರು ರಾಗಾಲಾಪನೆ ಶುರುಮಾಡಿದರೆ ಪಿಟೀಲಿನವರು ಅವರ ಬೆನ್ನಿಗೇ ನೆರಳಿನಂತೆ ಸಾಗಬೇಕು, ಆಮೇಲೆ ತಮ್ಮ ಸರದಿಯಲ್ಲಿ ಅದೇ ರಾಗವನ್ನು ತಮ್ಮದೇ ದಾರಿಯಲ್ಲಿ ಬೆಳೆಸಬೇಕು. ಕಲ್ಪನಾಸ್ವರದಲ್ಲಿ ಗಾಯಕರು ಅಲ್ಲೇ ಹುಟ್ಟಿಸಿ ಎಸೆದ ಲೆಕ್ಕಕ್ಕೆ ಪಿಟೀಲು ಅಲ್ಲೇ ಉತ್ತರ ಕೊಡಬೇಕು. ಆ ಕ್ಷಣದ ತೀರ್ಮಾನ ಆ ಕ್ಷಣದಲ್ಲೇ. ಸಿದ್ಧತೆ ಇದೆ, ಅದು ಹತ್ತಾರು ವರ್ಷದ್ದು. ಆದರೆ ಇವತ್ತಿನ ಉತ್ತರ ಬರೆದಿಟ್ಟದ್ದಲ್ಲ. ಧ್ವನಿಮುದ್ರಣದ ಮಾತಿಗೆ ಬಂದರೆ, ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರೂವರೆ ನಿಮಿಷದಷ್ಟೇ ಸಂಗೀತ ಹಿಡಿಯುತ್ತಿತ್ತು. ಆ ಕಾಲದ ಮಹಾನ್ ವಿದ್ವಾಂಸರು ಅಷ್ಟರಲ್ಲೇ ಒಂದು ಕೃತಿಯನ್ನು ಮುಗಿಸಬೇಕಿತ್ತು. ಅಲ್ಲಿ ಹಾಡು ಉಳಿಯಿತು, ತನಿಗೆ ಜಾಗವೇ ಇರಲಿಲ್ಲ.

ತಾಳವಾದ್ಯದವರನ್ನು ಹಿನ್ನೆಲೆಯವರೆಂದು ನೋಡುವ ಅಭ್ಯಾಸ ಸಭೆಯಲ್ಲಿ ಇವತ್ತಿಗೂ ಇದೆ, ಅದಕ್ಕೆ ಹಳೆಯ ಬೇರುಗಳಿವೆ. ಮದರಾಸಿನ ಮ್ಯೂಸಿಕ್ ಅಕಾಡೆಮಿ 1928ರಲ್ಲಿ ಶುರುವಾಯಿತು. ಅದರ ಸಂಗೀತ ಕಲಾನಿಧಿ ಗೌರವ ಮೃದಂಗ ವಿದ್ವಾಂಸರೊಬ್ಬರಿಗೆ ಮೊದಲ ಸಲ ಸಂದದ್ದು 1966ರಲ್ಲಿ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ. ಅವರ ಕಾಲದವರೇ ಆದ ಪಳನಿ ಸುಬ್ರಹ್ಮಣ್ಯ ಪಿಳ್ಳೆ ಎಡಗೈಯವರು. ಮೃದಂಗದವರು ಸಾಮಾನ್ಯವಾಗಿ ಗಾಯಕರ ಬಲಕ್ಕೆ ಕೂರುತ್ತಾರೆ, ಆಗ ವಾದ್ಯದ ಬಲಗಡೆಯ ಮುಖ ಸಭೆಯ ಕಡೆಗಿರುತ್ತದೆ. ಎಡಗೈಯವರು ಹಾಗೆ ಕೂತರೆ ಆ ಮುಖ ಸಭೆಗೆ ಬೆನ್ನು ಹಾಕುತ್ತದೆ. ಹಾಗಾಗಿ ಅವರಿಗೂ ಪಿಟೀಲಿನವರಿಗೂ ಜಾಗ ಅದಲುಬದಲಾಗಬೇಕು. ಎಡಗೈ ಬೌಲರ್ ಬಂದಾಗ ಇಡೀ ಫೀಲ್ಡು ಕದಲುವುದನ್ನು ಕಂಡವರಿಗೆ ಇದರ ಸ್ವಾರಸ್ಯ ಬೇಗ ತಿಳಿಯುತ್ತದೆ.

ಹೆಣ್ಣುಮಕ್ಕಳಿಗಂತೂ ಈ ಸಾಲಿನಲ್ಲಿ ಜಾಗ ಸಿಕ್ಕಿದ್ದು ಬಹಳ ತಡವಾಗಿ. ಘಟ ನುಡಿಸಿ ವೇದಿಕೆ ಗೆದ್ದ ಮೊದಲ ಮಹಿಳೆಯೆಂದು ಹೆಸರಾದ ಸುಕನ್ಯಾ ರಾಮಗೋಪಾಲ್ ನಮ್ಮ ಬೆಂಗಳೂರಿನವರು. ಹೆಂಗಸರೇ ಸೇರಿ ನುಡಿಸುವ ‘ಸ್ತ್ರೀ ತಾಳ ತರಂಗ’ ಎಂಬ ಮೇಳವನ್ನೂ ಅವರು ಕಟ್ಟಿದರು. ಮೃದಂಗ ಹೆಣ್ಣುಮಗುವಿನ ಕೈಗಲ್ಲ ಎಂದು ನಮ್ಮ ಮನೆಯಲ್ಲೂ ಒಬ್ಬ ಹಿರಿಯರು ಅಂದಾಗ ನಾನು ಅವರನ್ನು ವಾದಕ್ಕೆಳೆಯಲಿಲ್ಲ, ಸುಕನ್ಯಾ ಅವರ ಕಚೇರಿಯೊಂದಕ್ಕೆ ಕರೆದುಕೊಂಡು ಹೋದೆ.

ಕೈಯ ಮಾತು ಬಂದಿತು. ಆಟದಲ್ಲಿ ಮೈ ದುಡಿಯುತ್ತದೆ, ಸಂಗೀತದಲ್ಲಿ ಮನಸ್ಸು ಎಂಬ ಭಾವನೆ ಅನೇಕರಲ್ಲಿದೆ. ಮೃದಂಗದ ಪಾಠದ ಕೋಣೆಯಲ್ಲಿ ಒಂದು ಗಂಟೆ ಕೂತರೆ ಅದು ಉಳಿಯುವುದಿಲ್ಲ. ಮೇಷ್ಟ್ರು ನನಗೆ ಒಂದು ದಿನ, “ಸರ್, ಹೊರಗೆ ಯಾಕೆ ನಿಂತಿರ್ತೀರಿ, ಒಳಗೆ ಬಂದು ಕೂತ್ಕೊಳಿ” ಅಂದರು. ಅಲ್ಲಿಂದ ಕಂಡದ್ದೆಂದರೆ ಬರೀ ಅಭ್ಯಾಸ. ಒಂದೇ ಪಾಠ ಮೊದಲ ಕಾಲದಲ್ಲಿ, ಎರಡನೆಯ ಕಾಲದಲ್ಲಿ ಇಮ್ಮಡಿ ವೇಗ, ಮೂರನೆಯದರಲ್ಲಿ ಮತ್ತೆ ಇಮ್ಮಡಿ. ಬೇಗ ನುಡಿಸುವ ಮಕ್ಕಳನ್ನು ಅವರು ಹೊಗಳುವುದಿಲ್ಲ. ಮೊದಲ ಕಾಲದಲ್ಲಿ ಪೆಟ್ಟು ಪೆಟ್ಟಿನ ನಡುವಿನ ಖಾಲಿಯನ್ನು ಸಮವಾಗಿ ಕಾಯಬಲ್ಲವರ ಕಡೆ ತಲೆದೂಗುತ್ತಾರೆ. ನಿಧಾನವೇ ಕಷ್ಟ. ನೆಟ್ಸ್‌ನಲ್ಲಿ ಬೆಳಗಿನ ಹೊತ್ತು ಒಂದೇ ಡಿಫೆನ್ಸ್ ಹೊಡೆತವನ್ನು ನೂರಾರು ಸಲ ಆಡಿಸುತ್ತಿದ್ದ ನನ್ನ ಕೋಚ್ ಕೂಡ ಇದನ್ನೇ ಕಾಯುತ್ತಿದ್ದರು.

ವಾದ್ಯವೂ ಬೆವರು, ಬಿಸಿಲು, ತೇವಗಳ ಲೋಕಕ್ಕೆ ಸೇರಿದ್ದು. ಹಲಸಿನ ಮರದ ಒಡಲು, ಎರಡೂ ಕಡೆ ಚರ್ಮ. ಬಲಗಡೆ ನಡುವೆ ಕಪ್ಪು ಕರಣೆ. ಎಡಗಡೆಗೆ ನುಡಿಸುವ ಮುಂಚೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತುತ್ತಾರೆ, ಮಂದ್ರದ ತುಂಬು ದನಿ ಅದರಿಂದ ಬರುತ್ತದೆ. ಈಚೆಗೆ ಕೆಲವರು ಅದರ ಬದಲು ಸಿಲಿಕೋನ್ ಬಳಸುತ್ತಾರೆ. ಬಲಗಡೆಯನ್ನು ಗಾಯಕರ ಷಡ್ಜಕ್ಕೆ ಹೊಂದಿಸಬೇಕು. ಹವೆಯಲ್ಲಿ ತೇವ ಹೆಚ್ಚಿದರೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಹಾಡುಗಳ ನಡುವೆ ಮೃದಂಗದವರು ಕಲ್ಲು ಹಿಡಿದು ಅಂಚನ್ನು ತಟ್ಟುತ್ತಿರುವುದು ಇದಕ್ಕೇ. ಖಂಜಿರದವರದ್ದು ಇದರ ತಿರುವುಮುರುವು: ಬಿಗಿದ ಚರ್ಮವನ್ನು ಸಡಿಲಿಸಿ ದನಿ ಇಳಿಸಲು ಅವರು ಒಳಗೆ ನೀರು ಚಿಮುಕಿಸುತ್ತಾರೆ. ಮೃದಂಗ ಎರಡು ಕೈಯಲ್ಲಿ ಹೇಳಿದ್ದನ್ನು ಆ ಪುಟ್ಟ ವಾದ್ಯ ಒಂದೇ ಕೈಯಲ್ಲಿ ಹೇಳಬೇಕು. ಮ್ಯಾಚಿನ ಬೆಳಗ್ಗೆ ಪಿಚ್ಚನ್ನು ಬಗ್ಗಿ ಮುಟ್ಟಿ ನೋಡುವವರಿಗೆ ಈ ತಟ್ಟುವುದು ಚಿಮುಕಿಸುವುದು ಕಾರ್ಯಕ್ರಮದ ನಡುವಿನ ಅಡಚಣೆ ಅನ್ನಿಸುವುದಿಲ್ಲ, ಕಾರ್ಯಕ್ರಮದ ಭಾಗವೇ ಅನ್ನಿಸುತ್ತದೆ.

ನಮ್ಮ ನಾಡಿನ ಮೈಸೂರು ಚೌಡಯ್ಯನವರನ್ನು ಇಲ್ಲಿ ನೆನೆಯಬೇಕು. ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತವರು. ಮೈಕು ಇನ್ನೂ ಎಲ್ಲ ಕಡೆ ಬಾರದ ಕಾಲದಲ್ಲಿ, ದೊಡ್ಡ ಸಭೆಯ ಕಡೆಯ ಸಾಲಿಗೂ ಪಿಟೀಲಿನ ನಾದ ತಲುಪಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯದ್ದನ್ನಾಗಿ ಮಾಡಿಕೊಂಡರು. ಕಡೆಯ ಸಾಲಿನಲ್ಲಿ ಕೂತವನ ಬಗ್ಗೆ ಕಲಾವಿದನೊಬ್ಬ ಇಷ್ಟು ಯೋಚಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಮಲ್ಲೇಶ್ವರದ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನದ ಮುಂದೆ ದಿನವೂ ಗಾಡಿಯಲ್ಲಿ ಸಾಗುವ ಎಷ್ಟು ಮಂದಿ ಒಳಗೆ ಹೋಗಿ ಕೂತಿದ್ದಾರೋ.

ಇಷ್ಟೆಲ್ಲ ಹೋಲಿಕೆ ಹೇಳಿದ ಮೇಲೆ ಹೋಲದ ಒಂದು ಸಂಗತಿಯನ್ನೂ ಹೇಳಬೇಕು, ನನ್ನನ್ನು ಹಿಡಿದು ಕೂರಿಸಿದ್ದು ಅದೇ. ಕಚೇರಿಯಲ್ಲಿ ಎದುರಾಳಿ ಇಲ್ಲ. ಆಟದಲ್ಲಿ ಒಬ್ಬರ ತಪ್ಪು ಇನ್ನೊಬ್ಬರ ಅವಕಾಶ. ಫೀಲ್ಡರ್ ಎಡವಿದರೆ ನಾವು ಎರಡನೇ ರನ್ನಿಗೆ ಓಡುತ್ತೇವೆ, ಓಡಲೇಬೇಕು. ವೇದಿಕೆಯ ಮೇಲೆ ಗಾಯಕರ ಲೆಕ್ಕ ಒಂದು ಕ್ಷಣ ತಪ್ಪಿತೆನ್ನಿ. ಒಳ್ಳೆಯ ಮೃದಂಗ ವಿದ್ವಾಂಸರು ತಟ್ಟನೆ ತಮ್ಮ ಕೈಚಳಕವನ್ನು ಬಿಟ್ಟು, ಸಮ ಎಲ್ಲಿದೆ ಎಂಬುದು ಕಿವಿಗೆ ಬೀಳುವಂತೆ ಸರಳವಾಗಿ ನುಡಿಸಿ ತೋರಿಸುತ್ತಾರೆ. ಗಾಯಕರು ಅದನ್ನು ಹಿಡಿದು ಮರಳಿ ದಾರಿಗೆ ಬರುತ್ತಾರೆ. ಸಭೆಯ ಬಹುಪಾಲು ಜನರಿಗೆ ತಪ್ಪಿದ್ದೂ ಗೊತ್ತಾಗುವುದಿಲ್ಲ, ಎತ್ತಿಕೊಂಡದ್ದೂ ಗೊತ್ತಾಗುವುದಿಲ್ಲ. ತನಿಯಲ್ಲಿ ಹಿರಿಯ ಮೃದಂಗದವರ ಪಕ್ಕ ಎಳೆಯ ಹುಡುಗನೊಬ್ಬ ಖಂಜಿರ ಹಿಡಿದು ಕೂತಿರುತ್ತಾನೆ. ಅವನು ಎತ್ತಬಲ್ಲಷ್ಟು ಭಾರದ್ದನ್ನೇ, ಆದರೆ ನಿನ್ನೆಗಿಂತ ಒಂದು ಗುಲಗಂಜಿ ಹೆಚ್ಚು ತೂಗುವುದನ್ನೇ ಹಿರಿಯರು ಅವನತ್ತ ಎಸೆಯುತ್ತಾರೆ. ಅವನು ಹಿಡಿದು ಮರಳಿಸಿದಾಗ ಮೊದಲು ‘ಭೇಷ್’ ಎನ್ನುವ ದನಿ ಅವರದ್ದೇ. ಕೌಶಲದ ಹದ, ಪೈಪೋಟಿಯ ಬಿಸಿ ಎಲ್ಲ ಇದ್ದೂ ಯಾರೂ ಸೋತು ಮನೆಗೆ ಹೋಗದ ಒಂದು ಸಂಜೆಯನ್ನು ಮಗಳಿಗೆ ತೋರಿಸಲು ಸಿಕ್ಕಿದ್ದಕ್ಕೆ ನನಗೆ ಬಹಳ ಸಂತೋಷವಿದೆ.

ಸಂಗೀತ ಕಲಿಸುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಯ ಮೆಟ್ಟಿಲುಗಳಿವೆ, ಅವು ಬೇಕು. ಆದರೆ ಮಗುವನ್ನು ಕ್ರಿಕೆಟ್ ಕೋಚಿಂಗಿಗೆ ಸೇರಿಸಿದ ಯಾರೂ ಅದಕ್ಕೆ ಮ್ಯಾಚ್ ತೋರಿಸದೆ ಇರುವುದಿಲ್ಲ. ಒಂದು ಇಡೀ ಕಚೇರಿಯನ್ನು ಎದುರಿಗೆ ಕೂತು ಕೇಳದೆಯೇ ಜೂನಿಯರ್ ಪಾಸಾದ ಮಕ್ಕಳು ಬೇಕಾದಷ್ಟಿದ್ದಾರೆ. ಪಾಠದಲ್ಲಿ ಕಲಿತ ತದಿಗಿಣತೊಂ ವೇದಿಕೆಯಲ್ಲಿ ಯಾವ ಹೊತ್ತಿನಲ್ಲಿ, ಯಾವ ಒತ್ತಡದಲ್ಲಿ, ಯಾರ ಮುಖ ನೋಡಿ ಹೊರಬರುತ್ತದೆ ಎಂಬುದನ್ನು ಅವರು ಕಂಡಿಲ್ಲ.

ಕಾಣಲು ಅವಕಾಶಗಳಿಗೆ ಬರವಿಲ್ಲ. ಬೆಂಗಳೂರು ಗಾಯನ ಸಮಾಜ 1905ರಿಂದ ಇದೆ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಹುಟ್ಟುಹಾಕಿದರು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಅದರ ರಾಮನವಮಿ ಸಂಗೀತೋತ್ಸವ ದಕ್ಷಿಣದ ದೊಡ್ಡ ದೊಡ್ಡ ವಿದ್ವಾಂಸರನ್ನೆಲ್ಲ ಕಂಡಿದೆ. ಮೈದಾನದಲ್ಲೇ ಸಂಗೀತ ಕೇಳಬೇಕೆನ್ನುವ ನನ್ನಂಥವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ರಾಮನವಮಿ, ಗಣೇಶನ ಹಬ್ಬದ ದಿನಗಳಲ್ಲಿ ಬಡಾವಣೆಯ ಚಪ್ಪರಗಳಲ್ಲೂ ದೇವಸ್ಥಾನಗಳಲ್ಲೂ ನಡೆಯುವ ಅನೇಕ ಕಚೇರಿಗಳಿಗೆ ಟಿಕೆಟ್ಟೇ ಇರುವುದಿಲ್ಲ. ಸಾಧ್ಯವಾದರೆ ನಮ್ಮ ಬಲಭಾಗದ ಕುರ್ಚಿಗಳಲ್ಲಿ ಕೂರಿ, ಎದುರು ಮಗ್ಗುಲಲ್ಲಿರುವ ಮೃದಂಗದವರ ಮುಖ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಚಿಕ್ಕ ಮಕ್ಕಳಿಗೆ ಮೂರು ಗಂಟೆ ಕೂರುವುದು ಕಷ್ಟವೇ. ಹಾಗಿದ್ದರೆ ಮೊದಲಿಂದ ಕೂರಿಸಿ, ಅವು ಸುಸ್ತಾದವೆಂದು ಮಧ್ಯದಲ್ಲಿ ಎದ್ದು ಬರುವುದಕ್ಕಿಂತ ಒಂದು ಗಂಟೆ ತಡವಾಗಿ ಹೋಗಿ. ಮುಖ್ಯ ಕೃತಿಯ ಹೊತ್ತಿಗೆ ತಲುಪಿದರೆ ತನಿಯೂ ಸಿಗುತ್ತದೆ, ಅದರ ಹಿಂದೆಯೇ ದೇವರನಾಮಗಳೂ ತಿಲ್ಲಾನವೂ ಸಿಗುತ್ತವೆ. ತಾಳ ಹಾಕಲು ಮಗುವಿನ ಕೈಯನ್ನು ನಿಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಿ. ಎಣಿಕೆ ತಪ್ಪಿದರೆ ಗಾಯಕರ ಕೈ ನೋಡಿ, ಮತ್ತೆ ಸೇರಿಕೊಳ್ಳಿ.